ಬಾಯಿ ನಿನ್ನದು, ದನಿ ನನ್ನದು

ಕೆಂಚಾರ್ಲಹಳ್ಳಿ
೧೫ ಡಿಸೆಂಬರ್ ೨೦೨೫, ಸೋಮವಾರ

ಅಮ್ಮಾ, ನನ್ನ ಅಮ್ಮಾ,

ಸೊಂಟನೋವು ಹೇಗಿದೆ? ಬಾಣಂತಿಯಾದ ತನಗೂ ಕೂಸಿಗೂ ದಿನವೂ ನೀರು ಹಾಕುವವಳು ನೀನೇ ಎಂದು ಕವಿತಕ್ಕ ಹೇಳಿದಳು. ಹಂಡೆ ಎತ್ತುವ ಕೆಲಸವನ್ನಾದರೂ ಭಾವನಿಗೆ ಬಿಡು. ಅಳಿಯನಿಗೆ ಹೇಳುವುದು ಹೇಗೆಂದು ಸಂಕೋಚಪಟ್ಟು ಬೆನ್ನು ಮುರಿದುಕೊಳ್ಳಬೇಡ. ಕೂಸು ಹಾಲು ಕುಡಿದು ಮಲಗುತ್ತದೆಯೇ? ಮೂಗು ನಮ್ಮ ಕಡೆಯದೋ ಅವರ ಕಡೆಯದೋ ಎಂದು ಅಪ್ಪ ಹೊತ್ತುಹೊತ್ತಿಗೂ ಕೇಳುತ್ತಾರೆ, ನಾನೇನೋ ದಿನಾ ಹಿಂದೂಪುರಕ್ಕೆ ಹೋಗಿ ನೋಡಿಬರುವವಳ ಹಾಗೆ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಅವರೆಕಾಯಿ ಶುರುವಾಗಿದೆ. ಅಪ್ಪ ಜಗಲಿಯ ಮೇಲೆ ಗುಡ್ಡೆ ಸುರಿದುಕೊಂಡು ಟಿವಿ ನೋಡುತ್ತ ತಾವೇ ಸುಲಿಯುತ್ತಾರೆ. ಕಾಳಿನ ಜೊತೆ ಸಿಪ್ಪೆ, ಹುಳ ಎಲ್ಲವೂ ಪಾತ್ರೆಗೆ ಬೀಳುತ್ತವೆ, ನಾನು ಒಳಗೆ ಕೂತು ಮತ್ತೆ ಆರಿಸುತ್ತೇನೆ. ಹುಳುಮನೆಯಲ್ಲಿ ರೇಷ್ಮೆಹುಳು ಮೂರನೇ ಜ್ವರ ಮುಗಿಸಿ, ಪೊರೆ ಕಳಚಿ ಎದ್ದು ಗಬಗಬ ತಿನ್ನುತ್ತಿವೆ. ಸೊಪ್ಪು ಹಾಕಲು ಪಕ್ಕದ ಮನೆಯ ಗಂಗುಲಮ್ಮ ಬರುತ್ತಾಳೆ. ನೀನು ಯಾವಾಗ ಬರುತ್ತೀಯೆಂದು ಅವಳದು ದಿನವೂ ಒಂದೇ ರಾಗ: "ಮೀ ಅಮ್ಮ ಎಪ್ಪುಡೊಸ್ತುಂದಿ? ಸಿನಿಮಾಕ್ಕೇಂತ ಹೊಸ ಸೀರೆ ತೆಗ್ದಿಕ್ಕಿದೀನಿ, ನಿಮ್ಮಮ್ಮನ್ ಪಕ್ಕ ನಾನೇ ಕೂತ್ಕೊಳ್ಳೋದು."

ಈಗ ಹೇಳಹೊರಟಿರುವುದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿನ್ನ ಫೋನು ಕವಿತಕ್ಕನ ಕೈಯಲ್ಲಿರುತ್ತದೆ, ಅವಳು ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾಳೆ. ಇದು ನೆಪ, ನನಗೂ ಗೊತ್ತು. ನಿನ್ನ ದನಿ ಕಿವಿಗೆ ಬಿದ್ದರೆ ಈ ಮಾತು ಹೇಳಲು ನನ್ನಿಂದ ಆಗುವುದಿಲ್ಲ. ಹೋದ ವಾರ ಹೇಳಿಯೇಬಿಡುತ್ತೇನೆಂದು ಫೋನು ಮಾಡಿ ಅವರೆಕಾಯಿಯ ವಿಷಯ ಹೇಳಿ ಇಟ್ಟೆ. ಅದಕ್ಕೇ ಅಕ್ಷರಗಳನ್ನು ದೊಡ್ಡದಾಗಿ, ಬಿಡಿಬಿಡಿಯಾಗಿ ಬರೆಯುತ್ತಿದ್ದೇನೆ. ಕನ್ನಡ ಓದುವಾಗ ನೀನು ತಲಕಟ್ಟಿನ ಹತ್ತಿರ ಬೆರಳು ನಿಲ್ಲಿಸಿ, ಇದು ನಮ್ಮ ತೆಲುಗಿನದೋ ಇಲ್ಲಿಯದೋ ಎಂದು ನೋಡಿ ಮುಂದೆ ಹೋಗುತ್ತೀಯಲ್ಲ. ನಿನ್ನ ಲಿಪಿಯಲ್ಲೇ ಬರೆದಿದ್ದರೆ ಆ ಕಷ್ಟ ಇರುತ್ತಿರಲಿಲ್ಲ. ಸಾಹಿತ್ಯದಲ್ಲಿ ಎಂ.ಎ. ಮಾಡಿದ ನನಗೆ, ಹಾಲು ಕುಡಿಯುವಾಗಿನಿಂದ ಕೇಳಿದ ಮಾತನ್ನು ಒಂದು ಸಾಲು ಬರೆಯಲು ಬರುವುದಿಲ್ಲ. ದಯವಿಟ್ಟು ಕವಿತಕ್ಕನ ಕೈಯಲ್ಲಿ ಓದಿಸಬೇಡ. ನಿಧಾನವಾದರೂ ನೀನೇ ಓದು.

ಚಿಂತಾಮಣಿಯ ಕಾಲೇಜಿನಲ್ಲಿದ್ದಾಗ ನಾನು ಬರೆದ ಕಥೆಗೆ ಬಹುಮಾನ ಬಂದಿತ್ತು, ನೆನಪಿದೆಯೇ? ಗಂಡನ ಮನೆ ಬಿಟ್ಟು ಬಂದ ಮಗಳು, ಏನೂ ಕೇಳದ ತಾಯಿ, ಅಷ್ಟೇ ಕಥೆ. ಆ ತಾಯಿಯ ಮಾತನ್ನೆಲ್ಲ ನಿನ್ನ ಬಾಯಿಂದಲೇ ತೆಗೆದುಕೊಂಡಿದ್ದೆ. ಕದಿರಿ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದು, ಅಜ್ಜಿಯ ಕೈಲಿ ಬೈಸಿಕೊಂಡು ಕಲಿತ, ಅರ್ಧ ಅಲ್ಲಿಯ ಅರ್ಧ ಇಲ್ಲಿಯ ಮಾತು. ಬಹುಮಾನ ಕೊಟ್ಟ ಮೇಷ್ಟ್ರು ವೇದಿಕೆಯ ಮೇಲೆ ಅದನ್ನು ಓದಿ ತೋರಿಸಿ, ಗಡಿಯ ಮಾತಿನ ಸೊಗಡು ಎಂದರೆ ಇದು ಎಂದು ಹೊಗಳಿದರು. ನಾನು ತಲೆ ಎತ್ತದೆ ನಿಂತಿದ್ದೆ. ಮನೆಗೆ ಬಂದು ನಿನಗೆ ಹೇಳಿದರೆ, "ಸೊಗಡು ಅಂದ್ರೆ ಏನೇ, ಅವರೆಕಾಯ್ಗೆ ಬರುತ್ತಲ್ಲ ಅದಾ? ನನ್ ಮಾತ್ಗೂ ಬರ್ತೈತಾ?" ಎಂದು ಕೇಳಿ ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದೆ. ಕಾಗದದ ಮೇಲೆ ನಿನ್ನ ಮಾತು ಎಲ್ಲರಿಗೂ ಚೆಂದ ಕಂಡಿತು ಅಮ್ಮ. ಕಾಗದಕ್ಕೆ ದನಿಯಿಲ್ಲ, ಅದಕ್ಕೇ ಇರಬೇಕು.

ಅದನ್ನು ಸಿನಿಮಾ ಮಾಡೋಣ ಎಂದವನು ಫೈಜಾನ್. ನನ್ನ ತರಗತಿಯವನು, ಶಿಡ್ಲಘಟ್ಟದ ಹುಡುಗ. ಮೊದಲ ಸಲ ಮನೆಗೆ ಬಂದಾಗಲೇ ನೀನು, "ಈ ಹುಡ್ಗ ಮಾತಾಡೋದ್ಕಿಂತ ಕೇಳಿಸ್ಕೊಳ್ಳೋದೇ ಜಾಸ್ತಿ" ಎಂದಿದ್ದೆ. ಸರಿಯಾಗಿಯೇ ಹೇಳಿದ್ದೆ, ಅವನೀಗ ಸೌಂಡ್ ರೆಕಾರ್ಡಿಸ್ಟ್. ಅವರಪ್ಪನ ರೇಷ್ಮೆ ನೂಲು ತೆಗೆಯುವ ಷೆಡ್ಡು ನಿಂತುಹೋದ ಮೇಲೆ ಅದರ ಗೋಡೆಗೆಲ್ಲ ಮೊಟ್ಟೆಯ ಟ್ರೇ ಹೊಡೆದು ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದಾನೆ. ಮೊದಲು ಅವನ ಫೋನಿನಲ್ಲಿ ಒಂದು ಚಿಕ್ಕ ಚಿತ್ರ ತೆಗೆದು ಕಾಲೇಜಿನಲ್ಲಿ ತೋರಿಸಿದೆವು. ಆಮೇಲೆ ಕೆಲಸ ಕಲಿಯಲೆಂದು ನಾನು ಬೆಂಗಳೂರಿನಲ್ಲಿ ಒಂದು ಧಾರಾವಾಹಿಗೆ ಸೇರಿದೆ. ಬರೆದ ಮಾತನ್ನು ತಿದ್ದುವುದು, ಕ್ಯಾಮೆರಾದ ಹಿಂದೆ ಕೂತು ಕಲಾವಿದರಿಗೆ ಸಾಲು ಹೇಳಿಕೊಡುವುದು. ನಿನಗೆ ಹೇಳಿರದ ಒಂದು ಸಂಗತಿ ಇದೆ. ಅಲ್ಲಿ ಕಾಫಿ ಕೊಡುವಾಗ ನಾನು ಸ್ವಲ್ಪ ಎನ್ನಲು ಹೋಗಿ "ಕೊಂಚೆಂ ಸಾಕು" ಎಂದುಬಿಟ್ಟೆ. ಅವತ್ತಿನಿಂದ ಸೆಟ್ಟಿನಲ್ಲಿ ನನ್ನ ಹೆಸರೇ ಕೊಂಚೆಂ ಆಯಿತು. "ಕೊಂಚೆಂ ಮೇಡಂ, ಡೈಲಾಗ್ ಶೀಟ್ ಎಲ್ಲಿ?" ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ತಮಾಷೆ ಅಷ್ಟೇ. ನಾನೂ ನಗುತ್ತಿದ್ದೆ. ಆದರೆ ಪ್ರತಿ ಮಾತನ್ನೂ ಬಾಯೊಳಗೇ ಒಮ್ಮೆ ತೊಳೆದು ಹೊರಗೆ ಬಿಡುವುದನ್ನು ಅಲ್ಲಿಯೇ ಕಲಿತೆ. ಮನೆಗೆ ಬಂದಾಗ ನೀನು ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡತೊಡಗಿದೆ. ನೀನು ಅದನ್ನು ಗಮನಿಸಿದ್ದೆ.

ಚಿಂತಾಮಣಿಯಲ್ಲಿ ಛತ್ರ ಇಟ್ಟಿರುವ ರಮೇಶ್‌ಬಾಬು ಚಿತ್ರಕ್ಕೆ ಹಣ ಹಾಕಲು ಒಪ್ಪಿದಾಗ, ತಾಯಿಯ ಪಾತ್ರ ನೀನೇ ಮಾಡಬೇಕು ಎಂದು ಹಟ ಹಿಡಿದವಳು ನಾನು. ಎಷ್ಟು ಬೇಡಿಸಿಕೊಂಡೆ ನೀನು. "ನನ್ ಕನ್ನಡ ಕೇಳಿ ಜನ ನಗ್ತಾರೆ ಕಣೇ. ಮಾತಿಲ್ದಿರೋ ಪಾತ್ರ ಇದ್ರೆ ಕೊಡಮ್ಮ, ಗೋಡೆ ಥರ ನಿಂತ್ಕೊತೀನಿ." ನಾನು ನಿನ್ನ ಕೈ ಹಿಡಿದುಕೊಂಡು, ಮನೆಯಲ್ಲಿ ಹೇಗೆ ಮಾತಾಡುತ್ತೀಯೋ ಹಾಗೆಯೇ ಬೇಕು, ಯಾರೂ ನಗುವುದಿಲ್ಲ, ಅದು ನನ್ನ ಜವಾಬ್ದಾರಿ ಎಂದೆ. ಆ ಮಾತಿನ ಮೇಲೆ ನೀನು ಒಪ್ಪಿದೆ.

ಮಗಳು ಮನೆಗೆ ಬರುವ ದೃಶ್ಯವನ್ನು ಹೇಗೆ ತೆಗೆದೆವೆಂದು ಹೇಳುತ್ತೇನೆ, ಏಕೆಂದರೆ ಕ್ಯಾಮೆರಾದ ಈ ಕಡೆ ಏನಾಯಿತೆಂದು ನಿನಗೆ ಗೊತ್ತಿಲ್ಲ. ಮಗಳ ಪಾತ್ರದ ಸೌಜನ್ಯ ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಲ್ಲಬೇಕು, ನೀನು ಅವಳನ್ನು ನೋಡಿ, "ಯಾವಾಗ ಬಂದೆ?" ಎನ್ನಬೇಕು. ನಾನು ಬರೆದದ್ದು ಅಷ್ಟೇ. ನೀನು ಅವಳನ್ನು ನೋಡಿದೆ, ಧೂಳು ಹಿಡಿದ ಅವಳ ಕಾಲು ನೋಡಿದೆ, ಬರೆದದ್ದೆಲ್ಲ ಮರೆತು, "ನೀಳ್ಳು ಪೋಸ್ಕೋ ಪೋಮ್ಮಾ" ಎಂದೆ. ನೀರು ಹುಯ್ದುಕೋ ಹೋಗಮ್ಮ. ಎಲ್ಲಿಂದ ಬಂದೆ, ಯಾಕೆ ಬಂದೆ ಒಂದೂ ಇಲ್ಲ. ದೂರದಿಂದ ಬಂದ ಮಗಳು, ಮೊದಲು ಬಿಸಿನೀರು ಮೈಮೇಲೆ ಬೀಳಲಿ. ನಾನು ಕಟ್ ಎನ್ನುವುದನ್ನೇ ಮರೆತೆ. ಸೌಜನ್ಯ ತನ್ನ ಸಾಲು ಬಿಟ್ಟು, ನಿಜವಾಗಿಯೂ ಅಳುತ್ತ ಬಚ್ಚಲ ಕಡೆ ನಡೆದುಹೋದಳು. ಹೆಡ್‌ಫೋನ್ ಹಾಕಿಕೊಂಡಿದ್ದ ಫೈಜಾನ್ ಗೋಡೆ ಕಡೆ ಮುಖ ತಿರುಗಿಸಿಕೊಂಡಿದ್ದ. ನೀನು ಮಾತ್ರ ನನ್ನ ಕಡೆ ನೋಡಿ, "ತಪ್ಪಾಯ್ತಾ? ಇನ್ನೊಂದ್ಸಲ ಮಾಡಣ?" ಎಂದು ಕೇಳಿದೆ. ಇಡೀ ಚಿತ್ರದಲ್ಲಿ ನಾನು ಬರೆಯದ ಮಾತು ಆ ನೀರಿನ ಮಾತೊಂದೇ. ಇಡೀ ಚಿತ್ರದಲ್ಲಿ ಒಳ್ಳೆಯ ಮಾತೂ ಅದೊಂದೇ.

ನೀನು ಕವಿತಕ್ಕನ ಬಾಣಂತನಕ್ಕೆ ಹಿಂದೂಪುರಕ್ಕೆ ಹೋದ ಮೇಲೆ, ದೀಪಾವಳಿಯ ಹೊತ್ತಿಗೆ, ಬೆಂಗಳೂರಿನ ಒಂದು ಪುಟ್ಟ ಥಿಯೇಟರಿನಲ್ಲಿ ಚಿತ್ರವನ್ನು ಕೆಲವರಿಗೆ ತೋರಿಸಿದೆವು. ಕೊಳ್ಳಬಹುದಾದ ಚಾನೆಲ್ಲಿನವರು, ಸಿನಿಮಾದವರು, ಧಾರಾವಾಹಿಯ ಹಳೆಯ ಪರಿಚಯದವರು. ಚಿತ್ರದಲ್ಲಿ ಸೌಜನ್ಯ ಬಾಗಿಲಿಗೆ ಬಂದು ನಿಂತಳು. ನೀನು ಆ ಮಾತು ಆಡಿದೆ. ನನ್ನ ಹಿಂದಿನ ಸಾಲಿನಲ್ಲಿ ಒಬ್ಬರು ಪಿಸುಗುಟ್ಟಿದರು, "ಏನಂತೆ? ಪೋಸ್ ಕೊಡು ಅಂದ್ಲಾ?" ಇನ್ನೊಬ್ಬರು ಮೂಗಿನಲ್ಲಿ ನಕ್ಕರು. ಆ ನಗು ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿದು ಕೋಣೆಯೆಲ್ಲ ನಕ್ಕಿತು. ಪರದೆಯ ಮೇಲೆ ಸೌಜನ್ಯ ಅಳುತ್ತಿದ್ದಳು, ನೀನು ಅವಳ ಚೀಲ ತೆಗೆದುಕೊಳ್ಳುತ್ತಿದ್ದೆ. ಅಮ್ಮಾ, ನಾನೂ ನಕ್ಕೆ. ಬೇಕೆಂದು ನಕ್ಕದ್ದಲ್ಲ. ಆದರೆ ನಕ್ಕೆ. ಅವರೆಲ್ಲರ ಜೊತೆ, ಅವರ ಹಾಗೆಯೇ, ಅದೇ ಮೂಗಿನ ನಗು. ಅದು ನನ್ನ ಬಾಯಿಂದ ಬಂದದ್ದು ಆಮೇಲೆ ನನಗೆ ಕೇಳಿಸಿತು.

ಇನ್ನೂ ಇದೆ. ಚಿತ್ರ ಮುಗಿದು ದೀಪ ಹಾಕಿದ ಮೇಲೆ ಒಬ್ಬ ಹೆಂಗಸು, ಒಳ್ಳೆಯವರೇ, ನನ್ನ ಹತ್ತಿರ ಬಂದು ಆ ತಾಯಿ ಪಾತ್ರದವರು ತುಂಬ ಸಹಜವಾಗಿದ್ದಾರೆ, ಎಲ್ಲಿ ಸಿಕ್ಕಿದರು ಎಂದು ಕೇಳಿದರು. "ಅಲ್ಲೇ, ಹಳ್ಳಿಯವ್ರು" ಎಂದೆ. ನಮ್ಮಮ್ಮ ಎನ್ನಲಿಲ್ಲ. ಅಷ್ಟು ಹೇಳಲು ಎಷ್ಟು ಹೊತ್ತು ಬೇಕಿತ್ತು? ನಿನ್ನ ಹೆಸರು, ವೆಂಕಟರತ್ನಮ್ಮ, ಆಗಷ್ಟೇ ಪರದೆಯ ಮೇಲೆ ಹಾದುಹೋಗಿತ್ತು. ಅದು ನನ್ನ ತಾಯಿಯ ಹೆಸರೆಂದು ಅಲ್ಲಿ ಯಾರಿಗೂ ತಿಳಿಯಲಿಲ್ಲ, ತಿಳಿಯದೇ ಹೋದದ್ದು ನನಗೆ ಹಾಯೆನಿಸಿತು. ಆ ಹಾಯೆನಿಸಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ವಾಪಸು ಬರುವಾಗ ಕಾರಿನಲ್ಲಿ ರಮೇಶ್‌ಬಾಬು ಮಾತು ತೆಗೆದರು. "ನಮ್ಮನೇಲೂ ಇದೇ ಭಾಷೆ ಕಣಮ್ಮ, ನಮ್ಮಮ್ಮಾನೂ ಹಿಂಗೇ. ಆದ್ರೆ ಚಾನೆಲ್ನೋರು ಕನ್ನಡ ಪಿಕ್ಚರ್ ಕನ್ನಡದ್ ಥರ ಇರ್ಲಿ ಅಂತಾರೆ. ಕೆಳಗಡೆ ಅಕ್ಷರ ಹಾಕಿದ್ರೆ ಆಗುತ್ತಾ ನೋಡು." ಅವರು ಕೇಳಿದ್ದು ಇಷ್ಟೇ. ಬೇರೆ ದನಿ ಹಾಕು ಎಂದು ಅವರು ಹೇಳಲಿಲ್ಲ, ಚಾನೆಲ್ಲಿನವರೂ ಹೇಳಲಿಲ್ಲ. "ಡಬ್ಬಿಂಗ್ ಮಾಡಿಬಿಡೋಣ ಸರ್" ಎಂದವಳು ನಾನು. ಇದನ್ನು ಯಾರ ತಲೆಗೂ ಕಟ್ಟಲು ನನಗೆ ದಾರಿಯಿಲ್ಲ. ಹಿಂದಿನ ಸೀಟಿನಲ್ಲಿ ಫೈಜಾನ್ ಇದ್ದ. ಚಿಕ್ಕಬಳ್ಳಾಪುರದಲ್ಲಿ ಟೀ ಕುಡಿಯಲು ಇಳಿದಾಗ, ತನ್ನ ಕೋಣೆಯಲ್ಲಿ ಆ ಕೆಲಸ ನಡೆಯುವುದಿಲ್ಲ ಎಂದ. ಯಾಕೋ ಎಂದೆ. "ಕಾಲೇಜಲ್ಲಿ ನನ್ ಕನ್ನಡ ಕೇಳಿ ಎಲ್ಲಾರೂ ನಗ್ತಿದ್ರು ಪವಿ. ನೀನೊಬ್ಳೇ ನಗ್ತಿರ್ಲಿಲ್ಲ. ಅದಕ್ಕೇ ನಿನ್ ಜೊತೆ ಸೇರ್ಕೊಂಡಿದ್ದು" ಎಂದ. ಟೀ ಲೋಟ ಇಟ್ಟು ಕಾರಿನಲ್ಲಿ ಹೋಗಿ ಕೂತ.

ಬೆಂಗಳೂರಿನ ಸ್ಟುಡಿಯೋದಲ್ಲಿ ಮೊದಲು ಒಬ್ಬ ಡಬ್ಬಿಂಗ್ ಕಲಾವಿದೆಯನ್ನು ಕರೆಸಿದರು. ಆಕೆ ನಿನ್ನ ಮುಖಕ್ಕೆ ಮಾತಾಡಿದರೆ ಜಾಹೀರಾತಿನ ಅಮ್ಮನಂತೆ ಕೇಳಿಸಿತು. ನನಗೆ ತಡೆಯಲಾಗದೆ, ಹೀಗಲ್ಲ, ಹೀಗೆ ಎಂದು ಹೇಳಿಕೊಡಲು ಒಳಗೆ ಹೋದೆ. ಅಲ್ಲಿನ ಎಂಜಿನಿಯರು ಗಾಜಿನಾಚೆಯಿಂದ, ಮೇಡಂ ನಿಮ್ಮ ದನಿಯೇ ಸರಿಹೊಂದುತ್ತದೆ, ನೀವೇ ಮಾಡಿಬಿಡಿ ಎಂದರು. ನಾಲ್ಕು ಜನರ ಮುಂದೆ ಮಾತಾಡಲು ನಾಲಗೆ ಒಣಗುವ ನಾನು, ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು, ನಿನ್ನ ಮುಖವನ್ನು ಅಷ್ಟು ದೊಡ್ಡದಾಗಿ ನೋಡುತ್ತ, ನಿನ್ನ ಬಾಯಿ ತೆರೆದಾಗಲೆಲ್ಲ ಮಾತಾಡಿದೆ. ಎಲ್ಲ ಸರಾಗವಾಗಿ ಹೋಯಿತು, ಆ ಒಂದು ಮಾತಿನ ಹೊರತು. ಡಬ್ಬಿಂಗ್‌ನಲ್ಲಿ ಪ, ಬ, ಮ ಎಂಬ ತುಟಿ ಮುಚ್ಚುವ ಅಕ್ಷರಗಳೇ ತೊಡಕು. ಪರದೆಯ ಮೇಲೆ ತುಟಿ ಮುಚ್ಚಿದಾಗ ಅಂಥದೇ ಅಕ್ಷರ ಬೀಳಬೇಕು, ಇಲ್ಲದಿದ್ದರೆ ಮೋಸ ಗೊತ್ತಾಗುತ್ತದೆ. ಪೋಸ್ಕೋ, ಪೋಮ್ಮಾ. ನೀರು ಹುಯ್ಕೋ ಎಂದರೆ ಹೊಂದುವುದಿಲ್ಲ, ಸ್ನಾನ ಮಾಡು ಎಂದರೂ ಇಲ್ಲ. ಕಾಲೇಜಿನಲ್ಲಿ ಪದಗಳನ್ನು ತಿರುವಿ ತಿರುವಿ ಕಲಿತದ್ದೆಲ್ಲ ಆಗ ನೆರವಿಗೆ ಬಂತು. "ನೀರು ಬಿಸಿ ಇದೆ ಬಾಮ್ಮಾ" ಎಂದೆ. ನೀಳ್ಳು ಇದ್ದಲ್ಲಿ ನೀರು, ಪೋ ಇದ್ದಲ್ಲಿ ಬಿ, ಪೋಮ್ಮಾ ಇದ್ದಲ್ಲಿ ಬಾಮ್ಮಾ. ತುಟಿಗೆ ತುಟಿ ಕೂತಿತು. ಎಂಜಿನಿಯರು ಚಪ್ಪಾಳೆ ತಟ್ಟಿ, ಸೂಪರ್ ಸಿಂಕ್ ಮೇಡಂ, ಯಾರಿಗೂ ಗೊತ್ತಾಗಲ್ಲ ಎಂದರು. ನನಗೆ ಹೆಮ್ಮೆಯಾಯಿತು ಅಮ್ಮ. ನಿನ್ನ ಬಾಯಿಂದ ನಿನ್ನ ಮಾತನ್ನು ಯಾರಿಗೂ ಗೊತ್ತಾಗದ ಹಾಗೆ ತೆಗೆದುಹಾಕಿದ್ದಕ್ಕೆ ನನಗೆ ಹೆಮ್ಮೆಯಾಯಿತು.

ನಿನ್ನೆ ಅಪ್ಪನಿಗೆ ಲ್ಯಾಪ್‌ಟಾಪಿನಲ್ಲಿ ಪೂರ್ತಿ ಚಿತ್ರ ತೋರಿಸಿದೆ. ಅವರೆಕಾಯಿ ಪಕ್ಕಕ್ಕೆ ಸರಿಸಿ, ಕನ್ನಡಕ ಒರೆಸಿಕೊಂಡು, ಕೈಕಟ್ಟಿ ಕೂತು ನೋಡಿದರು. ಹುಳುಮನೆ ಬಂದಾಗ ಸೊಪ್ಪು ತೆಳ್ಳಗೆ ಹಾಕಿದ್ದೀರಿ ಎಂದು ತಕರಾರು ತೆಗೆದರು. ನೀನು ಬಂದೆ, ಮಾತಾಡಿದೆ, ಹೋದೆ, ಮತ್ತೆ ಬಂದೆ. ಸೌಜನ್ಯ ಬಂದಳು, ನೀನು ಬಿಸಿನೀರಿಗೆ ಕರೆದೆ. ಕೊನೆಯಲ್ಲಿ ಹೆಸರುಗಳು ಬರತೊಡಗಿದಾಗ ಅಪ್ಪ ನನ್ನ ಕಡೆ ತಿರುಗಿದರು. "ಬಾಗುಂದಮ್ಮಾ", ಚೆನ್ನಾಗಿದೆಯಮ್ಮ, ಎಂದರು. ಆಮೇಲೆ, ಕೇಳಲೋ ಬೇಡವೋ ಎಂಬಂತೆ, "ಮೀ ಅಮ್ಮ ಎಪ್ಪುಡು ಮಾಟ್ಲಾಡ್ತುಂದಿ?" ಎಂದು ಕೇಳಿದರು. ನಿಮ್ಮಮ್ಮ ಯಾವಾಗ ಮಾತಾಡುತ್ತಾಳೆ? ಪೂರ್ತಿ ಚಿತ್ರ ನೋಡಿದ ಮೇಲೆ. ಅವರು ಚುಚ್ಚಿ ಹೇಳುವವರಲ್ಲ, ನಿನಗೆ ಗೊತ್ತು. ಪರದೆಯ ಮೇಲಿನ ಹೆಂಗಸು ಇಷ್ಟೊಂದು ಮಾತಾಡಿದರೂ, ತಮ್ಮ ಹೆಂಡತಿ ಇನ್ನೂ ಬಾಯಿ ತೆರೆದಿಲ್ಲವೆಂದೇ ಅವರು ಕಾಯುತ್ತಿದ್ದರು. ಹುಳುವಿಗೆ ಸೊಪ್ಪು ಹಾಕುವ ನೆಪ ಮಾಡಿಕೊಂಡು ನಾನು ಎದ್ದುಹೋದೆ.

ಧನುರ್ಮಾಸದಲ್ಲಿ ಮದುವೆಗಳಿಲ್ಲ, ಛತ್ರ ಖಾಲಿ ಎಂದು ರಮೇಶ್‌ಬಾಬು ಇಪ್ಪತ್ತೆಂಟನೇ ತಾರೀಖು ಭಾನುವಾರ ಅಲ್ಲಿಯೇ ಪರದೆ ಕಟ್ಟಿಸಿ ಊರವರಿಗೆಲ್ಲ ತೋರಿಸುತ್ತಾರೆ. ನೀನು ಹಿಂದೂಪುರದಲ್ಲಿಯೂ ಎಲ್ಲರಿಗೂ ಹೇಳಿದ್ದೀಯಂತೆ, ಅಕ್ಕನ ಅತ್ತೆಯ ಮನೆಯಿಂದಲೇ ಒಂದು ಗಾಡಿ ಬರುತ್ತದಂತೆ. ನೀನು ಮೊದಲ ಸಾಲಿನಲ್ಲಿ ಕೂತಿರುತ್ತೀಯ. ಪರದೆಯ ಮೇಲೆ ನಿನ್ನ ಬಾಯಿ ತೆರೆದು ನನ್ನ ದನಿ ಬಂದಾಗ ನಿನ್ನ ಮುಖವನ್ನು ಅಷ್ಟು ಜನ ನೋಡುತ್ತಾರೆ. ಆ ಹೊತ್ತಿನಲ್ಲಿ ನಿನಗೆ ಗೊತ್ತಾಗುವುದು ಬೇಡ, ಮೊದಲೇ ಗೊತ್ತಿರಲಿ ಎಂದು ಇದನ್ನು ಬರೆದೆ. ಬೈಯುವುದಾದರೆ ಬೈದುಬಿಡು. ನೀನು ಬೈಯುವವಳಲ್ಲ ಎಂಬುದೇ ನನ್ನ ಕಷ್ಟ. ಚಾನೆಲ್ಲಿಗೆ ಚಿತ್ರ ಕಳಿಸುವ ದಿನವೂ ಹತ್ತಿರ ಬಂದಿದೆ. ಇದನ್ನು ಸರಿಮಾಡುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಕವಿತಕ್ಕ ಬೆಚ್ಚಗೆ ಇರಲಿ, ಕಿವಿಗೆ ಬಟ್ಟೆ ಕಟ್ಟಿಕೊಳ್ಳಲಿ. ಭಾವನಿಗೆ, ಅವರ ಮನೆಯ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸು. ಕೂಸಿನ ಕಾಲಿಗೆ ನನ್ನದೊಂದು ಮುತ್ತು. ನಿನ್ನ ಕಾಲಿಗೆ ನಮಸ್ಕಾರ ಎಂದು ಬರೆಯಲು ಮುಖವಿಲ್ಲ, ಆದರೂ ಬರೆಯುತ್ತಿದ್ದೇನೆ.

ನಿನ್ನ ಮಗಳು,
ಪವಿತ್ರ

ತಾ.ಕ.: ಫೈಜಾನ್‌ನ ಚಿಕ್ಕಪ್ಪ ನೂರುಲ್ಲಾ ಅವರು ರೇಷ್ಮೆಗೂಡು ಕೊಳ್ಳಲು ಹಿಂದೂಪುರದ ಮಾರ್ಕೆಟ್ಟಿಗೆ ಹೊರಟಿದ್ದಾರೆ, ಕಾಗದ ಅವರ ಕೈಯಲ್ಲೇ ಕಳಿಸುತ್ತೇನೆ. ಕೊಟ್ಟಿದ್ದೆ, ಮತ್ತೆ ಇಸಿದುಕೊಂಡು ಬಂದೆ. ಅವರು ಬಾಗಿಲಲ್ಲಿ ಗಾಡಿ ನಿಲ್ಲಿಸಿಕೊಂಡು ಹಾರನ್ ಮಾಡುತ್ತಿದ್ದಾರೆ. ಮೇಲೆ ಬರೆದದ್ದೆಲ್ಲ ನಿಜ, ಕೊನೆಯದೊಂದು ಬಿಟ್ಟು. ಸರಿಮಾಡುವುದು ಹೇಗೆಂದು ನನಗೆ ಗೊತ್ತು. ಏನು ಮಾಡಲಿ ಎಂದು ನಿನ್ನನ್ನು ಕೇಳಿದರೆ, "ನಿಂದೇ ಚೆನ್ನಾಗೈತೆ ಬಿಡಮ್ಮ, ಅದೇ ಇರ್ಲಿ" ಎನ್ನುತ್ತೀಯ. ಅದಕ್ಕೇ ಕೇಳುತ್ತಿಲ್ಲ. ಈಗಷ್ಟೇ ರಮೇಶ್‌ಬಾಬು ಅವರಿಗೆ ಫೋನು ಮಾಡಿ, ನನ್ನ ದನಿ ತೆಗೆಯುತ್ತೇನೆ, ಛತ್ರದಲ್ಲೂ ಚಾನೆಲ್ಲಿಗೂ ಅಮ್ಮನ ದನಿಯೇ ಎಂದೆ. ಚಾನೆಲ್ಲಿನವರು ಬೇಡವೆಂದರೆ ಎಂದು ಕೇಳಿದರು. ಬೇಡವೆನ್ನಲಿ ಎಂದೆ. ಬಾಯಿಗೆ ಬಂದಂತೆ ಬೈದರು, ಪೂರ್ತಿ ತೆಲುಗಿನಲ್ಲಿ. ನೀನು ಆಡಿದ್ದೆಲ್ಲ ಫೈಜಾನ್ ಹತ್ತಿರ ಜೋಪಾನವಾಗಿದೆ. ಕೊನೆಯ ದೃಶ್ಯವೊಂದು ಮಾತ್ರ ಬೋರ್‌ವೆಲ್ ಲಾರಿಯ ಸದ್ದಿನಲ್ಲಿ ಕೆಟ್ಟಿದೆ, ಅದನ್ನು ನೀನು ಇನ್ನೊಮ್ಮೆ ಮಾತಾಡಬೇಕು. ಈ ಗುರುವಾರ ಬೆಳಗಿನ ರೈಲು ಹತ್ತಿ ಗೌರಿಬಿದನೂರಿನಲ್ಲಿ ಇಳಿ. ನಾನು ಸ್ಟೇಷನ್ನಿನಲ್ಲಿ ಇರುತ್ತೇನೆ. ಶಿಡ್ಲಘಟ್ಟಕ್ಕೆ ಹೋಗಿ ಮುಗಿಸಿ, ಸಂಜೆ ಅಕ್ಕನ ಹತ್ತಿರ ತಂದು ಬಿಡುತ್ತೇನೆ. ಇಪ್ಪತ್ತೆಂಟರಂದು ಜನ ನಗಬಹುದು ಅಮ್ಮ. ನಗುವುದಿಲ್ಲ ಎಂದು ನಾನು ಹೇಳಬಾರದಿತ್ತು. ಇನ್ನೊಂದು, ಛತ್ರದಲ್ಲಿ ಮೈಕು ಕೊಟ್ಟರೆ ಮಾತಾಡಬೇಕಾಗುತ್ತದೆಂದು ನೀನು ಅಲ್ಲಿ ಪಕ್ಕದ ಮನೆಯ ಮಂಗಮ್ಮ ಟೀಚರ ಹತ್ತಿರ ಕನ್ನಡ ತಿದ್ದಿಸಿಕೊಳ್ಳುತ್ತಿದ್ದೀಯೆಂದು ಅಕ್ಕ ಹೇಳಿದಳು. ಇವತ್ತಿಗೇ ನಿಲ್ಲಿಸು. ಇದು ಮಗಳು ಬೇಡಿಕೊಳ್ಳುತ್ತಿರುವುದಲ್ಲ, ಡೈರೆಕ್ಟರ್ ಹೇಳುತ್ತಿರುವುದು.